ಟ್ಯಾಂಕಿನಲ್ಲಿ ಎಷ್ಟಿದೆ? ತೂಗಿ ಹೇಳಿ

ಬೆಳಗಾವಿ, ಬಾಗಲಕೋಟೆ, ಮಂಡ್ಯ ಭಾಗದ ಸಕ್ಕರೆ ಕಾರ್ಖಾನೆಗಳ ಆವರಣದಲ್ಲಿ ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳು ಕಾಣುತ್ತವೆ. ಅವುಗಳಲ್ಲಿ ತುಂಬಿರುವುದು ಕಾಕಂಬಿ. ಕಬ್ಬಿನ ರಸದಿಂದ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು, ಅಂಟು ಪಾಕ ಅದು. ಒಂದು ಟನ್ ಕಬ್ಬು ನುರಿಸಿದರೆ ಸುಮಾರು 40ರಿಂದ 45 ಕೆ.ಜಿ. ಕಾಕಂಬಿ ಸಿಗುತ್ತದೆ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆಯಲ್ಲಿ ದಿನವೊಂದಕ್ಕೇ 200 ಟನ್ನಿಗೆ ಕಡಿಮೆಯಿಲ್ಲದಷ್ಟು ಕಾಕಂಬಿ ಟ್ಯಾಂಕ್ ಸೇರುತ್ತದೆ. ಮದ್ಯಸಾರಕ್ಕೂ ಪೆಟ್ರೋಲಿಗೆ ಬೆರೆಸುವ ಎಥನಾಲಿಗೂ ಅದು ಕಚ್ಚಾವಸ್ತು. ಹಾಗಾಗಿ ಅದರ ಲೆಕ್ಕವನ್ನು ಕಾರ್ಖಾನೆಯವರಷ್ಟೇ ಅಲ್ಲ, ಅಬಕಾರಿ ಇಲಾಖೆಯವರೂ ನೋಡುತ್ತಾರೆ. ಆ ಲೆಕ್ಕ ನಡೆಯುವುದು ಟನ್ನುಗಳಲ್ಲಿ.

ಟ್ಯಾಂಕಿನಲ್ಲಿ ಎಷ್ಟು ಟನ್ ಇದೆ ಎಂದು ಹೇಳುವ ರೂಢಿಯ ವಿಧಾನ ಹಳೆಯದು. ಏಣಿ ಹತ್ತಿ ಮೇಲೆ ಹೋಗಿ, ಮುಚ್ಚಳ ತೆಗೆದು, ಅಳತೆಪಟ್ಟಿ ಇಳಿಬಿಟ್ಟು ಎತ್ತರ ನೋಡುವುದು. ಎತ್ತರ ತಿಳಿದರೆ ಚಾರ್ಟಿನಿಂದ ಗಾತ್ರ ಸಿಗುತ್ತದೆ, ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ನೀರಿನ ವಿಷಯದಲ್ಲಿ ಇದು ನಡೆಯುತ್ತದೆ. ಕಾಕಂಬಿ ಹಾಗೆ ಸುಮ್ಮನೆ ಕೂರುವ ವಸ್ತುವಲ್ಲ. ಅದರೊಳಗೆ ನಿಧಾನವಾದ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇರುತ್ತದೆ. ಅನಿಲ ಹುಟ್ಟುತ್ತದೆ, ಗುಳ್ಳೆಗಳು ಗಟ್ಟಿ ಪಾಕದೊಳಗೇ ಸಿಕ್ಕಿಕೊಳ್ಳುತ್ತವೆ, ಮೇಲೆ ನೊರೆ ಕಟ್ಟುತ್ತದೆ. ಬೇಸಿಗೆಯಲ್ಲಿ ಅದು ತನ್ನಷ್ಟಕ್ಕೆ ಬಿಸಿಯೇರುವ ಅಪಾಯವೂ ಇರುವುದರಿಂದ ಪಂಪಿನ ಮೂಲಕ ಸುತ್ತಿಸುತ್ತಿರುತ್ತಾರೆ, ಟ್ಯಾಂಕಿನ ಹೊರಮೈಗೆ ನೀರು ಹಾಯಿಸುತ್ತಾರೆ.

ಇಪ್ಪತ್ತು ಮೀಟರ್ ಅಡ್ಡಳತೆಯ ಟ್ಯಾಂಕೊಂದನ್ನು ತೆಗೆದುಕೊಳ್ಳಿ. ಅದರ ತಳದ ವಿಸ್ತೀರ್ಣ 314 ಚದರ ಮೀಟರ್. ಕಾಕಂಬಿ ನೀರಿಗಿಂತ ಸುಮಾರು 1.4 ಪಟ್ಟು ಭಾರ. ಅಂದರೆ ಅಳತೆಪಟ್ಟಿಯ ಮೇಲಿನ ಒಂದೇ ಒಂದು ಸೆಂಟಿಮೀಟರ್ ಎಂದರೆ 4.4 ಟನ್. ನೊರೆ ಎಲ್ಲಿ ಮುಗಿಯಿತು, ಪಾಕ ಎಲ್ಲಿ ಶುರುವಾಯಿತು ಎಂಬುದು ಮಸುಕು ಬೆಳಕಿನಲ್ಲಿ ತಿಳಿಯದೆ 20 ಸೆಂಟಿಮೀಟರ್ ಹೆಚ್ಚು ಬರೆದುಕೊಂಡರೆ, ಇಲ್ಲದ 88 ಟನ್ ಕಾಕಂಬಿ ಪುಸ್ತಕಕ್ಕೆ ಏರುತ್ತದೆ. ಆಮೇಲೆ ಡಿಸ್ಟಿಲರಿಗೆ ಕಳಿಸಿದ ಲೆಕ್ಕ ತಾಳೆಯಾಗದೆ, ಯಾರೋ ಕದ್ದರೆಂಬ ಅನುಮಾನ ಯಾರ ಮೇಲೋ ಬೀಳುತ್ತದೆ. ಎತ್ತರದ ಅಳತೆಯಲ್ಲಿ ಆದ ತಪ್ಪಿಗೆ ಮನುಷ್ಯರು ಉತ್ತರ ಕೊಡಬೇಕಾಗುತ್ತದೆ.

ನಮಗೆ ಬೇಕಾದ್ದು ತೂಕ; ನಾವು ಅಳೆಯುತ್ತಿರುವುದು ಎತ್ತರ. ಉದ್ಯಮಗಳ ದಾಸ್ತಾನಿನ ಗೋಜಲುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಅಂತರದಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಎತ್ತರವೂ ಗಾತ್ರವೂ ಬಿಸಿಲಿಗೆ ಬದಲಾಗುತ್ತವೆ. ಡೀಸೆಲ್ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದರ ಗಾತ್ರ ಸುಮಾರು ಶೇ 0.08ರಷ್ಟು ಹಿಗ್ಗುತ್ತದೆ. 12,000 ಲೀಟರ್ ಡೀಸೆಲ್ 25 ಡಿಗ್ರಿಯಿಂದ 35 ಡಿಗ್ರಿಗೆ ಹೋದರೆ ಯಾರೂ ಹನಿ ಸುರಿಯದಿದ್ದರೂ ಹತ್ತಿರಹತ್ತಿರ 100 ಲೀಟರ್ ಹೆಚ್ಚಾಗಿ ಕಾಣುತ್ತದೆ. ಪೆಟ್ರೋಲ್ ಬಂಕಿನವರು ಟ್ಯಾಂಕರ್ ಬಂದಾಗ ಹೈಡ್ರೋಮೀಟರ್, ಥರ್ಮಾಮೀಟರ್ ಹಿಡಿದು ಸಾಂದ್ರತೆಯನ್ನು 15 ಡಿಗ್ರಿಗೆ ಪರಿವರ್ತಿಸಿ ಬರೆದುಕೊಳ್ಳುವುದು ಇದೇ ಕಾರಣಕ್ಕೆ. ತೂಕಕ್ಕೆ ಇಂಥ ಪರಿವರ್ತನೆ ಬೇಕಿಲ್ಲ. ಬೆಳಿಗ್ಗೆ ತೂಗಿದ ಹತ್ತು ಟನ್ ಮಧ್ಯಾಹ್ನದ ಬಿಸಿಲಿನಲ್ಲೂ ಹತ್ತು ಟನ್ನೇ. ಹಾಲಿನ ಡೇರಿಗೆ ಬಂದ ಟ್ಯಾಂಕರ್ ವೇಬ್ರಿಡ್ಜ್ ಹತ್ತಿಯೇ ಒಳಹೋಗುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ದಾರಿಯುದ್ದಕ್ಕೂ ಕುಲುಕಿ ನೊರೆಯೆದ್ದ ಹಾಲಿನ ಮಟ್ಟ ನೋಡಿ ದುಡ್ಡು ಕೊಡಲು ಯಾವ ಒಕ್ಕೂಟವೂ ಒಪ್ಪದು.

ಕೆಲವು ವಸ್ತುಗಳ ವಿಷಯದಲ್ಲಿ ತೂಕ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಮನೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ ಎಂದು ತೂಕದಲ್ಲೇ ಹೇಳುತ್ತಾರೆ. ಒಳಗೆ ಇರುವುದು ದ್ರವ; ಆ ದ್ರವ ಒಂದಿಷ್ಟಾದರೂ ಉಳಿದಿರುವವರೆಗೆ ಒತ್ತಡ ಹೆಚ್ಚುಕಡಿಮೆ ಒಂದೇ ಸಮನೆ ಇರುತ್ತದೆ. ಪ್ರೆಷರ್ ಗೇಜ್ ಹಾಕಿದರೂ ಸಿಲಿಂಡರ್ ತುಂಬಿದೆಯೋ ಮುಗಿಯುತ್ತ ಬಂದಿದೆಯೋ ತಿಳಿಯದು. ನೀರು ಶುದ್ಧೀಕರಣ ಘಟಕಗಳಲ್ಲಿ ಕ್ಲೋರಿನ್ ತುಂಬಿದ, ಟೋನರ್ ಎಂದು ಕರೆಯುವ ಉದ್ದನೆಯ ಉರುಳೆಗಳನ್ನು ತಕ್ಕಡಿಯ ಮೇಲೆ ಇಟ್ಟೇ ಬಳಸುವುದು ಸರಿಯಾದ ಕ್ರಮ. ಸುಮಾರು 900 ಕೆ.ಜಿ. ಕ್ಲೋರಿನ್ ಹಿಡಿಯುವ ಟೋನರ್ ಯಾವಾಗ ಬರಿದಾಗುತ್ತದೆ, ಗಂಟೆಗೆ ಎಷ್ಟು ಕ್ಲೋರಿನ್ ಊರಿನ ನೀರಿಗೆ ಹೋಗುತ್ತಿದೆ ಎಂಬ ಎರಡೂ ಪ್ರಶ್ನೆಗಳಿಗೆ ಆ ತಕ್ಕಡಿಯೇ ಉತ್ತರ. ಅದು ಕೆಟ್ಟು ಕೂತಿದ್ದರೆ ಕುಡಿಯುವ ನೀರಿನ ಸುರಕ್ಷತೆ ಅಂದಾಜಿನ ಮೇಲೆ ನಡೆಯುತ್ತದೆ.

ಟ್ಯಾಂಕಿನ ಗೋಡೆಗೂ ಪಾಯಕ್ಕೂ ತಿಳಿಯುವುದು ತೂಕವೇ. ಇದನ್ನು ಮರೆತ ಒಂದು ಘಟನೆಗೆ ಕಾಕಂಬಿಯೇ ಕಾರಣವಾಯಿತು. ಅಮೆರಿಕದ ಬಾಸ್ಟನ್ ನಗರದಲ್ಲಿ 1915ರಲ್ಲಿ ಕಟ್ಟಿದ 50 ಅಡಿ ಎತ್ತರ, 90 ಅಡಿ ಅಡ್ಡಳತೆಯ ಟ್ಯಾಂಕ್ 1919ರ ಜನವರಿ 15ರಂದು ಸಿಡಿಯಿತು. ಸುಮಾರು 87 ಲಕ್ಷ ಲೀಟರ್, ಎಂದರೆ 12,000 ಟನ್ನಿನಷ್ಟು ಕಾಕಂಬಿ ಬೀದಿಗೆ ನುಗ್ಗಿ 21 ಮಂದಿ ಸತ್ತರು, ನೂರೈವತ್ತು ಜನ ಗಾಯಗೊಂಡರು. ಗೋಡೆಯ ಉಕ್ಕಿನ ತಗಡು ಆ ಭಾರಕ್ಕೆ ತೀರ ತೆಳುವಾಗಿತ್ತು. ಬಳಕೆಗೆ ಮುನ್ನ ನೀರು ತುಂಬಿಸಿ ಪರೀಕ್ಷೆ ಮಾಡಿದ್ದು ಬರೀ ಆರು ಇಂಚಿನಷ್ಟು. ಒಂದು ವೇಳೆ ಕಂಠಪೂರ್ತಿ ನೀರು ತುಂಬಿಸಿ ತಡೆದಿದ್ದರೂ ಅದು ಕಾಕಂಬಿಯ ಪರೀಕ್ಷೆ ಆಗುತ್ತಿರಲಿಲ್ಲ. ಅದೇ ಎತ್ತರದ ಕಾಕಂಬಿ ನೀರಿಗಿಂತ ಶೇ 40ರಷ್ಟು ಹೆಚ್ಚು ಒತ್ತುತ್ತದೆ.

ಆ ಒತ್ತುವಿಕೆಯನ್ನೇ ಅಳೆದರೆ? ದೊಡ್ಡ ಟ್ಯಾಂಕುಗಳನ್ನು ಎತ್ತಿ ತಕ್ಕಡಿಗೆ ಇಡಲಾಗದು. ಅವು ನೇರವಾಗಿ ನೆಲದ ಮೇಲೆ ಕೂತಿರುತ್ತವೆ. ಆದರೆ ನೇರ ಗೋಡೆಯ ಟ್ಯಾಂಕಿನಲ್ಲಿ ತಳದ ಒತ್ತಡವನ್ನು ತಳದ ವಿಸ್ತೀರ್ಣದಿಂದ ಗುಣಿಸಿದರೆ ಬರುವುದು ಒಳಗಿನ ವಸ್ತುವಿನ ತೂಕವೇ. ಮೇಲೆ ಹೇಳಿದ ಟ್ಯಾಂಕಿನಲ್ಲಿ ಹತ್ತು ಮೀಟರ್ ಕಾಕಂಬಿ ಇದ್ದರೆ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 1.4 ಕೆ.ಜಿ. ಒತ್ತಡ, ಒಟ್ಟು ಸುಮಾರು 4,400 ಟನ್. ನೊರೆ ಎದ್ದು ಮಟ್ಟ ಒಂದಡಿ ಮೇಲೇರಲಿ, ಗುಳ್ಳೆ ಒಡೆದು ಕೆಳಗಿಳಿಯಲಿ, ಒತ್ತಡ ಕದಲುವುದಿಲ್ಲ. ಗುಳ್ಳೆಗೆ ತೂಕ ಇಲ್ಲವಲ್ಲ! ಬುಡದಲ್ಲಿ ಒಂದು ಒತ್ತಡ ಮಾಪಕ, ಅದಕ್ಕಿಂತ ಎರಡು ಮೂರು ಮೀಟರ್ ಮೇಲೆ ಇನ್ನೊಂದು, ಮುಚ್ಚಿದ ಟ್ಯಾಂಕಾದರೆ ಮೇಲಿನ ಆವಿಯ ಒತ್ತಡಕ್ಕೆ ಮತ್ತೊಂದು. ಕೆಳಗಿನ ಎರಡರ ವ್ಯತ್ಯಾಸದಿಂದ ಸಾಂದ್ರತೆ, ಬುಡದ್ದು ಮತ್ತು ತುದಿಯದ್ದರ ವ್ಯತ್ಯಾಸದಿಂದ ತೂಕ, ಎರಡನ್ನೂ ಸೇರಿಸಿದರೆ ಎತ್ತರ. ತೈಲೋದ್ಯಮದಲ್ಲಿ ಈ ವಿಧಾನ ಬಹಳ ಕಾಲದಿಂದ ಇದೆ, ಅಂತರರಾಷ್ಟ್ರೀಯ ಮಾನಕವೂ ಇದೆ. ಇದರಲ್ಲೂ ಎಚ್ಚರ ಬೇಕಾದ ಜಾಗಗಳಿವೆ. ಮಾಪಕ ಕೂರಿಸಿದ ರಂಧ್ರಕ್ಕಿಂತ ಕೆಳಗಿರುವ ಕಾಕಂಬಿ ಅದಕ್ಕೆ ಕಾಣುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಬೇಕು. ಸಣ್ಣ ಕೊಳವೆಯ ತುದಿಗೆ ಮಾಪಕ ಕಟ್ಟಿದರೆ ಕೊಳವೆಯೊಳಗೆ ಪಾಕ ಗಟ್ಟಿಯಾಗಿ ತಿಂಗಳಲ್ಲೇ ಮುಳ್ಳು ನಿಂತುಬಿಡುತ್ತದೆ. ಇಂಥ ಅಂಟು ದ್ರವಗಳಿಗೆ ಗೋಡೆಯ ಒಳಮೈಗೆ ಸಮನಾಗಿ ಕೂರುವ ಅಗಲ ಪೊರೆಯ ಮಾಪಕವೇ ಆಗಬೇಕು.

ಪುಡಿಯ ಕತೆ ಬೇರೆ. ಪುಡಿ ದ್ರವದ ಹಾಗೆ ತಳವನ್ನು ಒತ್ತುವುದಿಲ್ಲ, ಭಾರದ ಬಹುಪಾಲನ್ನು ಗೋಡೆಗೆ ಒರಗಿಸಿಬಿಡುತ್ತದೆ. ಬೆಂಗಳೂರಿನ ಸುತ್ತಮುತ್ತಲ ಯಾವುದೇ ರೆಡಿಮಿಕ್ಸ್ ಕಾಂಕ್ರೀಟ್ ಘಟಕದಲ್ಲಿ ಎತ್ತರದ ಸಿಮೆಂಟ್ ಸೈಲೋಗಳು ನಾಲ್ಕು ಕಾಲಿನ ಮೇಲೆ ನಿಂತಿರುತ್ತವೆ. ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಇದು:

“ಸಿಮೆಂಟ್ ಎಷ್ಟಿದೆಯಪ್ಪಾ?”

“ಅರ್ಧ ಇದೆ ಸಾರ್.”

“ಅರ್ಧ ಅಂದ್ರೆ ಎಷ್ಟು? ರಾತ್ರಿ ಸ್ಲ್ಯಾಬಿಗೆ ಸಾಕಾಗುತ್ತಾ?”

“ಬಡಿದು ನೋಡಿ ಹೇಳ್ತೀನಿ ಸಾರ್.”

ಬಡಿದು ನೋಡುವುದೆಂದರೆ ಸುತ್ತಿಗೆಯಿಂದ ಗೋಡೆ ತಟ್ಟುತ್ತ ಏಣಿ ಹತ್ತುವುದು. ಟಣ್ ಎಂದರೆ ಖಾಲಿ, ದಬ್ ಎಂದರೆ ಸಿಮೆಂಟ್. ಈ ಕೆಲಸ ಮಾಡುವವರ ಕಿವಿ ನಿಜಕ್ಕೂ ಸೂಕ್ಷ್ಮ. ಆದರೆ ಕಿವಿ ಹೇಳುವುದು ಗೋಡೆಯ ಪಕ್ಕದ ಸಂಗತಿಯನ್ನು. ಒಳಗೆ ಸಿಮೆಂಟ್ ನಡುವೆ ಬಾವಿ ಕೊರೆದಂತೆ ಇಳಿದು ಸುತ್ತಲೂ ಗೋಡೆಗೆ ಅಂಟಿ ನಿಂತಿರಬಹುದು. ಆಗ ತಟ್ಟಿದರೆ ದಬ್ ಎನ್ನುತ್ತದೆ, ಕೆಳಗಿನ ಸ್ಕ್ರೂ ಕನ್ವೇಯರಿಗೆ ಮಾತ್ರ ಏನೂ ಬೀಳುವುದಿಲ್ಲ.

ಬಲ್ಕರ್ ಎಂಬ ಟ್ಯಾಂಕರ್ ಲಾರಿಯಿಂದ ಗಾಳಿಯ ಒತ್ತಡದಲ್ಲಿ ಸೈಲೋಗೆ ಊದಿದ ಸಿಮೆಂಟ್ ಮೊದಲು ಹತ್ತಿಯಂತೆ ಉಬ್ಬಿರುತ್ತದೆ. ಒಂದು ಘನ ಮೀಟರಿಗೆ ಒಂದು ಟನ್ನಿಗಿಂತ ಚೂರು ಹೆಚ್ಚು. ಗಾಳಿ ಹೊರಹೋಗಿ ಕೂತ ಮೇಲೆ ಅದೇ ಘನ ಮೀಟರಿನಲ್ಲಿ ಒಂದೂವರೆ ಟನ್ನಿನ ಹತ್ತಿರ ಹಿಡಿಯುತ್ತದೆ. ಸಂಜೆ ತುಂಬಿಸಿದಾಗ ನೆತ್ತಿ ಮುಟ್ಟಿದ್ದ ಮಟ್ಟ ಬೆಳಿಗ್ಗೆ ಹೊತ್ತಿಗೆ ಇಳಿದಿದ್ದರೆ ಯಾರೂ ಬಳಸಿದ್ದಲ್ಲ, ಕದ್ದಿದ್ದೂ ಅಲ್ಲ. ರಾಡಾರ್ ಹಾಕಿ ಮಟ್ಟ ಅಳೆದರೂ ಈ ತೊಡಕು ಹೋಗದು. ಮೇಲ್ಮೈ ಎಲ್ಲಿದೆ ಎಂಬುದನ್ನು ಅದು ನಿಖರವಾಗಿ ಹೇಳಬಹುದು; ಆ ಮೇಲ್ಮೈ ಗುಡ್ಡದಂತಿದೆ ಎಂಬುದನ್ನಾಗಲಿ, ಕೆಳಗೆ ಟೊಳ್ಳಿದೆ ಎಂಬುದನ್ನಾಗಲಿ ಹೇಳದು. ಕಾಲುಗಳ ಕೆಳಗೆ ಇಟ್ಟ ಲೋಡ್ ಸೆಲ್‌ಗೆ ಗುಡ್ಡ, ಬಾವಿ, ಟೊಳ್ಳು ಯಾವುದೂ ಲೆಕ್ಕಕ್ಕಿಲ್ಲ. ಒಳಗೆ 38 ಟನ್ ಇದ್ದರೆ ಅದು 38 ಟನ್ ಎನ್ನುತ್ತದೆ.

ಈ ಲೋಡ್ ಸೆಲ್ ಎಂಬ ಉಕ್ಕಿನ ತುಂಡಿನ ಒಳಗುಟ್ಟು ಎಷ್ಟು ಬಾರಿ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ. ಅಂಗೈಯಷ್ಟು ಅಥವಾ ಇಟ್ಟಿಗೆಯಷ್ಟು ದೊಡ್ಡ ಗಟ್ಟಿ ಉಕ್ಕು. ಹತ್ತಾರು ಟನ್ ಹೇರಿದರೆ ಅದು ಕುಗ್ಗುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಉಕ್ಕಿನ ಮೈಗೆ ಬೆರಳುಗುರಿನಷ್ಟು ಪುಟ್ಟ, ಅಂಕುಡೊಂಕಾಗಿ ಹರಿದ ಲೋಹದ ಹಾಳೆಯ ಗೆರೆಗಳನ್ನು ಅಂಟಿಸಿರುತ್ತಾರೆ. ಅದು ಸ್ಟ್ರೇನ್ ಗೇಜ್. ಉಕ್ಕು ಕುಗ್ಗಿದಾಗ ಗೆರೆಯೂ ಕುಗ್ಗುತ್ತದೆ, ಹಿಗ್ಗಿದಾಗ ಹಿಗ್ಗುತ್ತದೆ, ಅದರ ವಿದ್ಯುತ್ ರೋಧ ತುಸುವೇ ಬದಲಾಗುತ್ತದೆ. 350 ಓಮ್ ಇದ್ದದ್ದು ಪೂರ್ತಿ ಭಾರದಲ್ಲಿ 350.7 ಓಮ್ ಆಗುತ್ತದೆ, ಅಷ್ಟೆ. ಇಂಥ ನಾಲ್ಕು ಗೇಜುಗಳನ್ನು ಸೇತುವೆಯಂತೆ ಜೋಡಿಸಿ ಹತ್ತು ವೋಲ್ಟ್ ಕೊಟ್ಟರೆ, ಪೂರ್ತಿ ಭಾರಕ್ಕೆ ಹೊರಗೆ ಬರುವ ಸಂಕೇತ ಸುಮಾರು 20 ಮಿಲಿವೋಲ್ಟ್. ಹತ್ತು ಟನ್ನಿನ ಸೆಲ್‌ನಲ್ಲಿ ಒಂದು ಕಿಲೋ ವ್ಯತ್ಯಾಸ ಗುರುತಿಸಬೇಕೆಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಎರಡು ಪಾಲನ್ನು ಓದಬೇಕು. ಈಗಿನ ಇಂಡಿಕೇಟರುಗಳು ಅದನ್ನು ಓದುತ್ತವೆ.

ತಂತಿ ಎಳೆದರೆ ಅದರ ರೋಧ ಬದಲಾಗುತ್ತದೆ ಎಂಬುದನ್ನು ಲಾರ್ಡ್ ಕೆಲ್ವಿನ್ 1856ರಲ್ಲೇ ತೋರಿಸಿದ್ದರು. ಅದು ಉಪಕರಣವಾಗಲು ಎಂಟು ದಶಕ ಬೇಕಾಯಿತು. 1938ರಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ ಸಿಮನ್ಸ್, ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಆರ್ಥರ್ ರೂಜ್ ಇಬ್ಬರೂ ಪರಸ್ಪರ ತಿಳಿಯದೆ ಸ್ಟ್ರೇನ್ ಗೇಜ್ ರೂಪಿಸಿದರು. ರೂಜ್ ಆಗ ಭೂಕಂಪಕ್ಕೆ ನೀರಿನ ಟ್ಯಾಂಕುಗಳು ಹೇಗೆ ನಲುಗುತ್ತವೆ ಎಂದು ತೆಳು ಗೋಡೆಯ ಮಾದರಿಯ ಮೇಲೆ ಅಧ್ಯಯನ ಮಾಡುತ್ತಿದ್ದರು. ಆ ತೆಳು ಗೋಡೆಯ ಮೇಲೆ ಹಳೆಯ ಮಾಪಕಗಳನ್ನು ಕೂರಿಸುವಂತಿರಲಿಲ್ಲ. ಕಾಗದದ ಮೇಲೆ ಕೂದಲೆಳೆಯಂಥ ತಂತಿ ಅಂಟಿಸಿ, ಅದನ್ನು ಗೋಡೆಗೆ ಅಂಟಿಸಿದರು. ಹೀಗೆ ಟ್ಯಾಂಕಿನ ಸಂಕಟ ತಿಳಿಯಲು ಹುಟ್ಟಿದ ಸಾಧನವೇ ಮುಂದೆ ಟ್ಯಾಂಕಿನ ತೂಕ ಹೇಳುವ ಸಾಧನವಾಯಿತು. ಇಂದು ವೇಬ್ರಿಡ್ಜಿನಿಂದ ಹಿಡಿದು ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯವರೆಗೆ ಒಳಗಿರುವುದು ಅದೇ ಅಂಕುಡೊಂಕು ಗೆರೆ.

ಲೋಡ್ ಸೆಲ್‌ನ ನಿಖರತೆ ಕ್ಯಾಟಲಾಗಿನಲ್ಲಿ ಶೇ 0.03 ಎಂದಿರುತ್ತದೆ. ಅದು ಪ್ರಯೋಗಾಲಯದ ಮಾತು. ಸೈಲೋ ಕೆಳಗೆ ಕೂರಿಸಿದ ಮೇಲೆ ನಿಖರತೆ ಉಳಿಯುವುದು, ಕಳೆಯುವುದು ಕೂರಿಸಿದವರ ಕೈಯಲ್ಲಿದೆ. ಟ್ಯಾಂಕಿಗೂ ಹೊರಗಿನ ಲೋಕಕ್ಕೂ ನಡುವೆ ಇರುವ ಪ್ರತಿಯೊಂದು ಗಟ್ಟಿ ಸಂಪರ್ಕವೂ ತೂಕದ ಒಂದಿಷ್ಟು ಪಾಲನ್ನು ತಾನು ಹೊರುತ್ತದೆ. ಮೇಲಿಂದ ಬರುವ ಬಿಗಿ ಪೈಪು, ಪಕ್ಕದ ಸೈಲೋಗೆ ಹಾಕಿದ ಓಡಾಟದ ಅಟ್ಟಣೆ, ನೆಲಕ್ಕೂ ಟ್ಯಾಂಕಿಗೂ ಸೇರಿಸಿ ಬೆಸೆದ ಏಣಿ, ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಪೈಪಿಗೆ ರಬ್ಬರ್ ಅಥವಾ ಬೆಲ್ಲೋಸ್ ಜೋಡಣೆ ಕೊಟ್ಟು, ಅಟ್ಟಣೆಯನ್ನು ಬಿಡಿಸಿ, ಟ್ಯಾಂಕ್ ತನ್ನ ಕಾಲ ಮೇಲೆ ಮಾತ್ರ ನಿಲ್ಲುವಂತೆ ಮಾಡಬೇಕು. ವರ್ಷದ ನಂತರ ಬೇರೊಬ್ಬ ಗುತ್ತಿಗೆದಾರ ಬಂದು, ಅಲುಗಾಡುತ್ತಿದೆಯಲ್ಲ ಎಂದು ಆ ರಬ್ಬರ್ ಜೋಡಣೆಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದರೆ, ಮರುದಿನದಿಂದ ತೂಕ ತಪ್ಪು. ಏಕೆ ತಪ್ಪಿತೆಂದು ಹುಡುಕುವವರು ಲೋಡ್ ಸೆಲ್ ಬಿಚ್ಚುತ್ತಾರೆ, ಪೈಪಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಅದೇ ಬೆಸುಗೆ ಇನ್ನೊಂದು ರೀತಿಯಲ್ಲೂ ಕೊಲ್ಲುತ್ತದೆ. ವೆಲ್ಡಿಂಗ್ ಮಾಡುವವರು ಅರ್ಥ್ ಕ್ಲಾಂಪನ್ನು ಹತ್ತಿರ ಸಿಕ್ಕ ಕಬ್ಬಿಣಕ್ಕೆ ಕಚ್ಚಿಸುತ್ತಾರೆ. ಬೆಸುಗೆ ಟ್ಯಾಂಕಿನ ಮೇಲೆ, ಕ್ಲಾಂಪ್ ನೆಲದ ತೊಲೆಗೆ ಎಂದಾದರೆ ನೂರಾರು ಆಂಪಿಯರ್ ಕರೆಂಟ್ ವಾಪಸಾಗುವ ದಾರಿ ಲೋಡ್ ಸೆಲ್ ಮೂಲಕವೇ. ಕ್ಷಣದಲ್ಲಿ ಗೇಜ್ ಸುಟ್ಟುಹೋಗುತ್ತದೆ, ಹೊರಗೆ ಕಲೆಯೂ ಕಾಣದು. ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ, ಟ್ಯಾಂಕಿನ ಮೈಗೇ ಕಚ್ಚಿಸಬೇಕು; ಪ್ರತಿ ಸೆಲ್‌ಗೂ ಅಡ್ಡಲಾಗಿ ದಪ್ಪ ತಾಮ್ರದ ಪಟ್ಟಿ ಕಟ್ಟಿರಬೇಕು. ಈ ಪಟ್ಟಿಯ ಬೆಲೆ ಸೆಲ್‌ನ ಬೆಲೆಯ ಎದುರು ಏನೇನೂ ಅಲ್ಲ. ಇನ್ನು ಮಳೆಗಾಲ. ನಾಲ್ಕು ಸೆಲ್‌ಗಳ ತಂತಿ ಸೇರುವ ಜಂಕ್ಷನ್ ಬಾಕ್ಸಿನ ಮುಚ್ಚಳದ ಒಂದು ಸ್ಕ್ರೂ ಸಡಿಲವಾಗಿದ್ದರೂ ಕರಾವಳಿಯ ತೇವ ಒಳಹೊಕ್ಕು, ಖಾಲಿ ಟ್ಯಾಂಕಿನ ತೂಕ ದಿನಕ್ಕೊಂದು ಹೇಳತೊಡಗುತ್ತದೆ. ಇಲಿ, ಹೆಗ್ಗಣ ಕೇಬಲ್ ಕಡಿಯುವುದಂತೂ ನಮ್ಮ ಕಾರ್ಖಾನೆಗಳಲ್ಲಿ ನಿತ್ಯದ ಕಾಟ. ಕೇಬಲನ್ನು ಕಬ್ಬಿಣದ ಕೊಳವೆಯೊಳಗೆ ಹಾಯಿಸದೆ ಬೇರೆ ಮದ್ದಿಲ್ಲ.

ಗಾಳಿಯನ್ನು ಲೆಕ್ಕಿಸದೆ ಉಳಿತಾಯ ಮಾಡಹೋಗಿ ಕೈಸುಟ್ಟುಕೊಳ್ಳುವವರು ಹಲವರು. ನಾಲ್ಕು ಕಾಲಿನಲ್ಲಿ ಒಂದಕ್ಕೋ ಎರಡಕ್ಕೋ ಮಾತ್ರ ಲೋಡ್ ಸೆಲ್ ಹಾಕಿ ಉಳಿದವಕ್ಕೆ ಬರೀ ಉಕ್ಕಿನ ತುಂಡು ಕೊಟ್ಟು, ಓದಿದ್ದನ್ನು ಗುಣಿಸಿಕೊಳ್ಳುವ ಪದ್ಧತಿ ಇದೆ. ಮಟ್ಟಸವಾಗಿ ನಿಲ್ಲುವ ದ್ರವಕ್ಕೆ, ನೆರಳಿನಲ್ಲಿರುವ ಟ್ಯಾಂಕಿಗೆ ಅದು ಹೇಗೋ ನಡೆದೀತು. ಬಯಲಿನಲ್ಲಿ ನಿಂತ ಸಿಮೆಂಟ್ ಸೈಲೋಗೆ ಸಲ್ಲದು. ಮುಂಗಾರಿಗೆ ಮುನ್ನಿನ ಬಿರುಗಾಳಿ ಪಶ್ಚಿಮದಿಂದ ನೂಕಿದಾಗ ಪೂರ್ವದ ಕಾಲುಗಳ ಮೇಲೆ ಭಾರ ಹೆಚ್ಚಿ, ಪಶ್ಚಿಮದವು ಹಗುರಾಗುತ್ತವೆ. ನಾಲ್ಕಕ್ಕೂ ಸೆಲ್ ಇದ್ದರೆ ಕೂಡಿಸಿದಾಗ ಎರಡೂ ಸರಿದೂಗುತ್ತವೆ. ಅರ್ಧಕ್ಕೆ ಮಾತ್ರ ಇದ್ದರೆ ಗಾಳಿಯೂ ಸಿಮೆಂಟಾಗಿ ಲೆಕ್ಕಕ್ಕೆ ಬರುತ್ತದೆ. ಖಾಲಿ ಸೈಲೋ ಆ ಗಾಳಿಗೆ ಮಗುಚದಂತೆ ಮೇಲೇಳುವುದನ್ನು ತಡೆಯುವ ಬೋಲ್ಟುಗಳೂ ಲೋಡ್ ಸೆಲ್ ಪೀಠದಲ್ಲಿ ಇರಲೇಬೇಕು. ಆ ಬೋಲ್ಟು ತೂಕವನ್ನು ಹಿಡಿಯದಷ್ಟು ಸಡಿಲವಾಗಿರಬೇಕು, ಟ್ಯಾಂಕ್ ಏಳದಷ್ಟು ಬಿಗಿಯಾಗಿರಬೇಕು. ಹಳೆಯ ಸೈಲೋಗಳಿಗೆ ಕಾಲನ್ನು ಕತ್ತರಿಸದೆ, ಕಾಲಿನ ಉಕ್ಕಿಗೇ ಬೋಲ್ಟ್ ಮಾಡುವ ಸ್ಟ್ರೇನ್ ಗೇಜುಗಳು ಸಿಗುತ್ತವೆ. ಅಗ್ಗ, ಸುಲಭ. ಆದರೆ ಬೆಳಗಿನ ಬಿಸಿಲು ಪೂರ್ವದ ಕಾಲಿಗೆ ಬಿದ್ದು ಅದು ಮಾತ್ರ ಹಿಗ್ಗಿದಾಗ ಇಡೀ ಚೌಕಟ್ಟು ತುಸು ಬಾಗಿ, ಸಿಮೆಂಟ್ ಹೆಚ್ಚಿದಂತೆಯೋ ಇಳಿದಂತೆಯೋ ತೋರುತ್ತದೆ. ಖರೀದಿಗೆ ಯಾವಾಗ ಫೋನ್ ಮಾಡಬೇಕು ಎಂದು ತಿಳಿಯಲು ಅವು ಸಾಕು. ಲೆಕ್ಕಪುಸ್ತಕಕ್ಕೆ ಸಾಲವು.

ಸರಿಯಾಗಿ ತೂಗುತ್ತಿದೆಯೇ ಎಂದು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ನೂರು ಟನ್ ಸೈಲೋಗೆ ನೂರು ಟನ್ ಬಟ್ಟು ಯಾರೂ ಹೊತ್ತು ತರುವುದಿಲ್ಲ. ಒಂದೆರಡು ಟನ್ ಪ್ರಮಾಣಿತ ಬಟ್ಟುಗಳನ್ನು ತೂಗುಹಾಕಿ, ಅಷ್ಟು ಭಾರದ ವಸ್ತು ತುಂಬಿಸಿ, ಮತ್ತೆ ಬಟ್ಟು ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕ್ರಮ ಒಂದಿದೆ. ದಿನನಿತ್ಯಕ್ಕೆ ಅದಕ್ಕಿಂತ ಸರಳ ದಾರಿ ಕಣ್ಣೆದುರೇ ಇದೆ. ಸಿಮೆಂಟ್ ಬಲ್ಕರ್ ಬರುವಾಗ ವೇಬ್ರಿಡ್ಜ್ ಚೀಟಿ ತಂದಿರುತ್ತದೆ. ವೇಬ್ರಿಡ್ಜಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಚೀಟಿಯಲ್ಲಿ 28 ಟನ್ ಇದ್ದು, ಇಳಿಸಿದ ಮೇಲೆ ಸೈಲೋ 28 ಟನ್ ಏರಿದ್ದನ್ನು ತೋರಿಸಿದರೆ ಎರಡೂ ಸರಿ. 26.5 ತೋರಿಸಿದರೆ ಯಾವುದೋ ಒಂದು ತಪ್ಪು, ಅಥವಾ ಬಲ್ಕರ್ ಪೂರ್ತಿ ಖಾಲಿಯಾಗಿಲ್ಲ. ಪ್ರತಿ ಬಲ್ಕರೂ ಖರ್ಚಿಲ್ಲದ ಒಂದು ಪರೀಕ್ಷೆ. ಎರಡು ಕಾಲಮ್ಮಿನ ಒಂದು ನೋಟ್ ಪುಸ್ತಕ ಇಟ್ಟರೆ ಸಾಕು, ತಪ್ಪು ಯಾವ ದಿನ ಶುರುವಾಯಿತು ಎಂಬುದೂ ತಿಳಿಯುತ್ತದೆ. ಮಾರಾಟಕ್ಕೆ ಬಳಸುವ ತಕ್ಕಡಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕಾವಲಿದೆ. ಕಾರ್ಖಾನೆಯೊಳಗಿನ ದಾಸ್ತಾನು ನೋಡುವ ತೂಕಕ್ಕೆ ಅಂಥ ಒತ್ತಾಯ ಇಲ್ಲ. ಹಾಗಾಗಿ ಅದನ್ನು ಕಾಯಬೇಕಾದವರು ಅಲ್ಲಿ ಕೆಲಸ ಮಾಡುವವರೇ.

ಇಷ್ಟೆಲ್ಲ ಹೇಳುತ್ತಿರುವುದು ಬರೀ ಲೆಕ್ಕಪತ್ರಕ್ಕಾಗಿ ಅಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ತೈಲಾಗಾರದಲ್ಲಿ 170 ಅಡಿ ಎತ್ತರದ ಗೋಪುರವೊಂದಕ್ಕೆ ದ್ರವ ತುಂಬುತ್ತಿದ್ದರು. ಹೊರಹೋಗುವ ಕವಾಟ ಮೂರು ಗಂಟೆಗೂ ಹೆಚ್ಚು ಕಾಲ ಮುಚ್ಚಿತ್ತು. ಬುಡದಲ್ಲಿದ್ದ ಮಟ್ಟಮಾಪಕ ದ್ರವದಲ್ಲಿ ಮುಳುಗಿದ ಕೊರಡೊಂದರ ತೇಲುವ ಬಲವನ್ನು ಅಳೆಯುವಂಥದ್ದು. ಅದನ್ನು ಹೊಂದಿಸಿದ್ದು ಬೇರೊಂದು ಸಾಂದ್ರತೆಯ ದ್ರವಕ್ಕೆ. ಗೋಪುರ ಬಿಸಿಯಾದಂತೆ ದ್ರವದ ಸಾಂದ್ರತೆ ಇಳಿಯಿತು, ತೇಲುವ ಬಲ ಇಳಿಯಿತು, ಮಾಪಕ ಮಟ್ಟ ಇಳಿಯುತ್ತಿದೆ ಎಂದೇ ಹೇಳುತ್ತ ಹೋಯಿತು. ಪರದೆಯ ಮೇಲೆ ಸುಮಾರು ಎಂಟು ಅಡಿ ಎಂದು ಕಾಣುತ್ತಿದ್ದಾಗ ಒಳಗೆ ದ್ರವ 158 ಅಡಿಗೆ ಏರಿತ್ತು. ಅದು ಉಕ್ಕಿ ಹರಿದು, ಆವಿಯಾಗಿ, ಬೆಂಕಿ ಹತ್ತಿ 15 ಮಂದಿ ಸತ್ತರು. 180 ಮಂದಿ ಗಾಯಗೊಂಡರು. ತನಿಖೆ ನಡೆಸಿದ ಅಮೆರಿಕದ ರಾಸಾಯನಿಕ ಸುರಕ್ಷಾ ಮಂಡಳಿ ಒಂದು ಸಂಗತಿಯನ್ನು ಎತ್ತಿ ಹೇಳಿತು: ಗೋಪುರಕ್ಕೆ ಎಷ್ಟು ಹೋಗುತ್ತಿದೆ ಎಂಬುದು ಒಂದು ಪರದೆಯಲ್ಲಿ, ಎಷ್ಟು ಹೊರಬರುತ್ತಿದೆ ಎಂಬುದು ಇನ್ನೊಂದು ಪರದೆಯಲ್ಲಿ ಇತ್ತು. ಎರಡನ್ನೂ ಕಳೆದು, ಒಳಗೆ ಒಟ್ಟು ಎಷ್ಟು ಸೇರಿದೆ ಎಂದು ತೋರಿಸುವ ಲೆಕ್ಕ ಎಲ್ಲೂ ಇರಲಿಲ್ಲ.

ಅದೇ ವರ್ಷದ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ 912ನೇ ನಂಬರಿನ ಟ್ಯಾಂಕಿಗೆ ರಾತ್ರಿಯಿಡೀ ಪೆಟ್ರೋಲ್ ಹರಿಯುತ್ತಿತ್ತು. ನಸುಕಿನ ಮೂರರ ಸುಮಾರಿಗೆ ಮಟ್ಟಮಾಪಕ ಸಿಕ್ಕಿಕೊಂಡು ಒಂದೇ ಅಂಕಿಯನ್ನು ತೋರಿಸತೊಡಗಿತು. ಮಟ್ಟ ಮಿತಿಮೀರಿದರೆ ನಿಲ್ಲಿಸಬೇಕಿದ್ದ ಪ್ರತ್ಯೇಕ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಟ್ಯಾಂಕ್ ತುಂಬಿ ಹರಿದು, ಬೆಳಿಗ್ಗೆ 6 ಗಂಟೆ 1 ನಿಮಿಷಕ್ಕೆ ಸ್ಫೋಟ. ಭಾನುವಾರ ಮುಂಜಾನೆಯಾದ್ದರಿಂದ ಜೀವಹಾನಿಯಾಗಲಿಲ್ಲ, ನಲವತ್ತಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಪೈಪಿನಲ್ಲಿ ಪೆಟ್ರೋಲ್ ಹರಿಯುತ್ತಿರುವಾಗ ಟ್ಯಾಂಕಿನ ಅಂಕಿ ನಿಂತಲ್ಲೇ ನಿಂತಿದೆ ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಹರಿದುಬಂದದ್ದರ ತೂಕ, ಸೇರಿದ್ದರ ತೂಕ ಎರಡನ್ನೂ ಎದುರುಬದುರು ಇಟ್ಟಿದ್ದರೆ ಯಂತ್ರವೇ ಕೂಗಿ ಹೇಳಬಹುದಿತ್ತು. ತೂಕದ ಲೆಕ್ಕಕ್ಕೆ ಈ ಶಕ್ತಿ ಇದೆ: ಹೋದದ್ದು, ಬಂದದ್ದು, ಉಳಿದದ್ದು ತಾಳೆಯಾಗಲೇಬೇಕು. ರಾತ್ರಿ ಎಲ್ಲ ಕವಾಟಗಳೂ ಮುಚ್ಚಿರುವಾಗ ಟ್ಯಾಂಕಿನ ತೂಕ ಇಳಿಯುತ್ತಿದ್ದರೆ ಅದು ಸೋರಿಕೆ ಅಥವಾ ಕಳ್ಳತನ. ಬಿಸಿಲು, ನೊರೆ, ಚಳಿ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಎಲ್ಲವನ್ನೂ ತೂಗಲು ಆಗದು ಎಂಬುದೂ ನಿಜ. ಮಂಗಳೂರಿನಲ್ಲೂ ಕಾಪು ಬಳಿಯ ಪಾದೂರಿನಲ್ಲೂ ಬಂಡೆ ಕೊರೆದ ನೆಲದಡಿಯ ಗುಹೆಗಳಲ್ಲಿ ದೇಶದ ತುರ್ತು ಸಂಗ್ರಹದ ಕಚ್ಚಾತೈಲ ಇಡುವ ವ್ಯವಸ್ಥೆ ಇದೆ. ಮಂಗಳೂರಿನ ಸಾಮರ್ಥ್ಯ 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್. ಟನ್ ಎಂದು ಹೇಳಿದರೂ ಗುಹೆಯನ್ನು ಯಾರೂ ತೂಗುವಂತಿಲ್ಲ. ಮಟ್ಟ, ಉಷ್ಣಾಂಶ, ಸಾಂದ್ರತೆ ಮೂರನ್ನೂ ಜತನದಿಂದ ಅಳೆದು ತೂಕಕ್ಕೆ ಬರಬೇಕು. ಅಂಥ ಕಡೆ ಆ ದಾರಿಯೇ ಸರಿ. ನನ್ನ ತಕರಾರು ಇರುವುದು, ತೂಗಲು ಸಾಧ್ಯವಿದ್ದೂ ಕಾಲುಗಳ ಮೇಲೆ ನಿಂತ ಟ್ಯಾಂಕನ್ನು ಕಣ್ಣಳತೆಗೆ ಬಿಟ್ಟವರ ಬಗ್ಗೆ. ಆಸಿಡ್, ರಾಳ, ಬಣ್ಣದ ರಾಸಾಯನಿಕ, ಹಿಟ್ಟು, ಪಶು ಆಹಾರ, ಪ್ಲಾಸ್ಟಿಕ್ ಹರಳು ತುಂಬುವ ಸಣ್ಣ, ಮಧ್ಯಮ ಕೈಗಾರಿಕೆಗಳಲ್ಲಿ ಇಂದಿಗೂ ಅಳತೆಗೆಂದು ಮನುಷ್ಯರನ್ನು ಹದಿನೈದು ಮೀಟರ್ ಮೇಲಕ್ಕೆ ಹತ್ತಿಸುತ್ತಾರೆ. ಮಳೆಯಲ್ಲಿ ಜಾರುವ ಏಣಿ, ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವ ಆವಿ, ದಿನಕ್ಕೆ ಮೂರು ಪಾಳಿ. ಒಂದು ಅಂಕಿಗಾಗಿ ಒಬ್ಬರ ಜೀವವನ್ನು ಹೀಗೆ ಒಡ್ಡುವುದನ್ನು ನಾವು ಇನ್ನು ಒಪ್ಪಿಕೊಳ್ಳಬಾರದು.

ನಿಂತ ಸೈಲೋವನ್ನು ಜ್ಯಾಕ್ ಕೊಟ್ಟು ಎತ್ತಿ, ಕಾಲು ಕತ್ತರಿಸಿ ಲೋಡ್ ಸೆಲ್ ತೂರಿಸುವುದು ದುಬಾರಿ, ಅಪಾಯದ ಕೆಲಸ. ನಕ್ಷೆ ಇನ್ನೂ ಮೇಜಿನ ಮೇಲಿರುವಾಗ ಅದೇ ಕೆಲಸ ಒಂದು ಗೆರೆ ಎಳೆದಷ್ಟು ಸುಲಭ. ಹೊಸ ಟ್ಯಾಂಕ್ ಕಟ್ಟಿಸುತ್ತಿರುವವರಲ್ಲಿ, ಅದನ್ನು ವಿನ್ಯಾಸ ಮಾಡುತ್ತಿರುವ ಎಂಜಿನಿಯರುಗಳಲ್ಲಿ ನನ್ನ ಕೋರಿಕೆ ಇಷ್ಟು: ಈಗ ಸೆಲ್ ಕೊಳ್ಳಲು ಹಣವಿಲ್ಲದಿದ್ದರೂ ಸರಿ, ಪ್ರತಿ ಕಾಲಿನ ಕೆಳಗೂ ಅದಕ್ಕೆ ಬೇಕಾದ ಜಾಗ ಬಿಟ್ಟು ತಾತ್ಕಾಲಿಕ ಉಕ್ಕಿನ ತುಂಡು ಇಡಿಸಿ, ಪೈಪುಗಳಿಗೆ ಮೊದಲ ದಿನವೇ ಮೆದು ಜೋಡಣೆ ಹಾಕಿಸಿ. ಹಣ ಒದಗಿದ ವರ್ಷ ಆ ತುಂಡು ತೆಗೆದು ಲೋಡ್ ಸೆಲ್ ಕೂರಿಸಬಹುದು.